ಅವು 1991ರಲ್ಲಿ ಹುಟ್ಟಿದ ದೇಶಗಳಲ್ಲ

ನಿನ್ನೆ ರಾತ್ರಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗಾಗಿ ಮಾಡಿದ ಒಂದು ಕನ್ನಡ ವಿಡಿಯೊ ನೋಡಿದೆ. ಬಾಲ್ಟಿಕ್ ಕಡಲ ದಂಡೆಯ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರನ್ನೂ ಒಂದೇ ಉಸಿರಿನಲ್ಲಿ ಮುಗಿಸಿಬಿಟ್ಟರು. 1991ರಲ್ಲಿ ರಷ್ಯಾದಿಂದ ಒಡೆದು ಹುಟ್ಟಿದ ಹೊಸ ದೇಶಗಳಂತೆ. ಸಾವಿರಾರು ಮಕ್ಕಳು ಅದನ್ನೇ ನೋಟ್ಸ್ ಮಾಡಿಕೊಳ್ಳುತ್ತಾರೆ. ಸಿಟ್ಟು ತಡೆಯೋಕಾಗದೆ ಬರೀತಿದ್ದೀನಿ.

ಹುಟ್ಟಿದ್ದಲ್ಲ ಸ್ವಾಮಿ, ಕಿತ್ತುಕೊಂಡಿದ್ದನ್ನು ವಾಪಸ್ ಪಡೆದದ್ದು! ಮೂರೂ ದೇಶಗಳು 1918ರಲ್ಲೇ ಸ್ವಾತಂತ್ರ್ಯ ಘೋಷಿಸಿದ್ದವು. 1920ರಲ್ಲಿ ಸೋವಿಯತ್ ರಷ್ಯಾ ಮೂರರ ಜೊತೆಗೂ ಶಾಂತಿ ಒಪ್ಪಂದ ಮಾಡಿಕೊಂಡು, ಈ ನೆಲದ ಮೇಲೆ ಇನ್ನೆಂದೂ ಹಕ್ಕು ಕೇಳುವುದಿಲ್ಲ ಎಂದು ಬರೆದುಕೊಟ್ಟಿತ್ತು. 1939ರ ಆಗಸ್ಟ್ 23ರಂದು ಹಿಟ್ಲರ್ ಕಡೆಯವರೂ ಸ್ಟಾಲಿನ್ ಕಡೆಯವರೂ ಮಾಸ್ಕೋದಲ್ಲಿ ಕೂತು ಗುಟ್ಟಾಗಿ ಪೂರ್ವ ಯುರೋಪನ್ನು ಹಂಚಿಕೊಂಡರು. ಮರುವರ್ಷ ಜೂನ್‌ನಲ್ಲಿ ಸೋವಿಯತ್‌ನ ಕೆಂಪು ಸೇನೆ ಈ ಮೂರೂ ದೇಶಗಳ ಒಳಗೆ ಬಂತು. 1941ರ ಜೂನ್ 14ರಂದು ಶುರುವಾದ ಗಡೀಪಾರಿನಲ್ಲಿ, ಕೆಲವೇ ದಿನಗಳೊಳಗೆ, ಮೂರೂ ದೇಶಗಳಿಂದ 40,000ಕ್ಕೂ ಹೆಚ್ಚು ಜನರನ್ನು ದನ ಸಾಗಿಸುವ ರೈಲು ಡಬ್ಬಿಗಳಿಗೆ ತುಂಬಿದರು. ಗಂಡಸರನ್ನು ಬೇರೆ ಮಾಡಿ ಶಿಬಿರಗಳಿಗೆ ಕಳಿಸಿದರು. ಹೆಂಗಸರು, ಮಕ್ಕಳು ಸೈಬೀರಿಯಾ ಕಡೆಗೆ. ಇದನ್ನೆಲ್ಲ ಅನುಭವಿಸಿದವರಿಗೆ ಹೊಸ ದೇಶ ಅಂತ ಹೆಸರಿಡುತ್ತೀರಾ?

ಅದಕ್ಕಿಂತ ಹಿಂದೆ ಹೋಗಿ. 15ನೇ ಶತಮಾನದಲ್ಲಿ ಲಿಥುವೇನಿಯಾದ ರಾಜ್ಯ ಬಾಲ್ಟಿಕ್ ಕಡಲಿನಿಂದ ಕಪ್ಪು ಸಮುದ್ರದವರೆಗೂ ಹಬ್ಬಿತ್ತು. 1795ರ ಹೊತ್ತಿಗೆ ಅದರ ಬಹುಭಾಗವನ್ನು ರಷ್ಯಾದ ಸಾಮ್ರಾಜ್ಯ ನುಂಗಿತು. 1860ರ ದಶಕದಲ್ಲಿ ಲಿಥುವೇನಿಯನ್ ಭಾಷೆಯನ್ನು ಲ್ಯಾಟಿನ್ ಲಿಪಿಯಲ್ಲಿ ಅಚ್ಚು ಮಾಡುವುದನ್ನೇ ನಿಷೇಧಿಸಿದರು, ರಷ್ಯನ್ ಲಿಪಿಯಲ್ಲೇ ಓದಿ ಅಂದರು. ಜನ ಒಪ್ಪಲಿಲ್ಲ. ಪಕ್ಕದ ಜರ್ಮನ್ ರಾಜ್ಯ ಪ್ರಷ್ಯಾದಲ್ಲಿ, ಟಿಲ್ಸಿಟ್‌ನಂಥ ಊರುಗಳಲ್ಲಿ ಪುಸ್ತಕ ಅಚ್ಚು ಹಾಕಿಸಿ, ರಾತ್ರಿ ಹೊತ್ತು ಮೂಟೆ ಕಟ್ಟಿ ಬೆನ್ನ ಮೇಲೆ ಹೊತ್ತು ಗಡಿ ದಾಟಿದರು. ಪ್ರಾರ್ಥನಾ ಪುಸ್ತಕ, ಪಂಚಾಂಗ, ಮಕ್ಕಳಿಗೆ ಅಕ್ಷರ ಕಲಿಸುವ ಪುಸ್ತಕ. ಗಡಿ ಕಾವಲಿನವರು ಗುಂಡು ಹಾರಿಸುತ್ತಿದ್ದರು. ಸಿಕ್ಕಿಬಿದ್ದವರಲ್ಲಿ ಎಷ್ಟೋ ಜನ ಸೈಬೀರಿಯಾ ಪಾಲಾದರು. ಯೂರ್ಗಿಸ್ ಬಿಯೆಲಿನಿಸ್ ಎಂಬಾತ ಮೂರು ದಶಕ ಇದೇ ಕೆಲಸ ಮಾಡಿದ. ಮನೆಗಳಲ್ಲಿ ತಾಯಂದಿರು ರಾಟೆ ತಿರುಗಿಸುತ್ತಲೇ ಮಕ್ಕಳಿಗೆ ಕದ್ದುಮುಚ್ಚಿ ಓದು ಕಲಿಸಿದರು. 1904ರಲ್ಲಿ ನಿಷೇಧ ತೆಗೆಯಬೇಕಾಯಿತು. ಬಿಯೆಲಿನಿಸ್ ಹುಟ್ಟಿದ ಮಾರ್ಚ್ 16 ಅಲ್ಲಿ ಈಗ ಪುಸ್ತಕ ಸಾಗಿಸಿದವರ ದಿನ. ಇದನ್ನು ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತೆ.

ಮೂರನ್ನೂ ಒಂದೇ ಎನ್ನುವುದೂ ತಪ್ಪು. ಎಸ್ಟೋನಿಯನ್ ಭಾಷೆ ಫಿನ್ನಿಷ್‌ಗೆ ಹತ್ತಿರ, ಉಳಿದೆರಡು ದೇಶಗಳ ಭಾಷೆಗಳಿಗೂ ಅದಕ್ಕೂ ಸಂಬಂಧವೇ ಇಲ್ಲ.

ನಮ್ಮಪ್ಪನದು ಎಡಪಂಥದ ರಾಜಕೀಯ. ಸೋವಿಯತ್‌ನಲ್ಲಿ ಅಚ್ಚಾಗಿ ಬರುತ್ತಿದ್ದ ಕನ್ನಡ ಪುಸ್ತಕಗಳನ್ನು ಓದಿ ಬೆಳೆದವನು ನಾನು. ಆ ಚಿತ್ರಗಳ ಮೇಲೆ ಈಗಲೂ ಪ್ರೀತಿ ಇದೆ. ಹಾಗಾಗಿ ಇದನ್ನು ಬರೆಯುವಾಗ ಹೊಟ್ಟೆಯಲ್ಲಿ ಸಂಕಟ. ಆದರೂ ಬರೆಯಬೇಕು.

ಸೋವಿಯತ್‌ನವರು ಅಲ್ಲಿ ಕಾರ್ಖಾನೆ, ಆಸ್ಪತ್ರೆ, ಮನೆ ಎಲ್ಲ ಕಟ್ಟಿಕೊಟ್ಟರಲ್ಲ ಅಂತ ಕೆಲವು ಗೆಳೆಯರು ಕೇಳ್ತಾರೆ. ಕಟ್ಟಿದರು, ನಿಜ. ಮನೆ ಕಿತ್ತುಕೊಂಡವನು ಗೋಡೆಗೆ ಸುಣ್ಣ ಹೊಡೆಸಿದರೆ ಮನೆ ಅವನದಾಗುತ್ತದಾ? ನಾಜಿಗಳು ಆಕ್ರಮಿಸಿಕೊಂಡಿದ್ದ ಕಾಲದಲ್ಲಿ ಲಿಥುವೇನಿಯಾದ ಯಹೂದಿಗಳಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ಜನ ಕೊಲೆಯಾದರು, ಕೊಂದವರಲ್ಲಿ ಸ್ಥಳೀಯರೂ ಇದ್ದರು. ಅದನ್ನೂ ಪಾಠದಲ್ಲಿ ಹೇಳಲೇಬೇಕು. ಹಾಗಂತ 1940ರಲ್ಲಿ ಆಗಿದ್ದು ಸರಿ ಅಂತಾಗುವುದಿಲ್ಲ.

1989ರ ಆಗಸ್ಟ್ 23ಕ್ಕೆ ಹಿಟ್ಲರ್-ಸ್ಟಾಲಿನ್ ಕಡೆಯವರ ಆ ಗುಟ್ಟಿನ ಒಪ್ಪಂದಕ್ಕೆ 50 ವರ್ಷ. ಅಂದು ಸುಮಾರು 20 ಲಕ್ಷ ಜನ ಕೈಕೈ ಹಿಡಿದು ಎಸ್ಟೋನಿಯಾದ ಟಾಲಿನ್‌ನಿಂದ ಲಾಟ್ವಿಯಾದ ರಿಗಾ ಮೂಲಕ ಲಿಥುವೇನಿಯಾದ ವಿಲ್ನಿಯಸ್‌ವರೆಗೆ 600 ಕಿಲೋಮೀಟರ್‌ಗೂ ಉದ್ದಕ್ಕೆ ನಿಂತರು. ಅದೇ ಡಿಸೆಂಬರ್‌ನಲ್ಲಿ ಸೋವಿಯತ್ ಸಂಸತ್ತು ಆ ಗುಟ್ಟಿನ ಕರಾರನ್ನು ಒಪ್ಪಿಕೊಂಡು ಖಂಡಿಸಿತು. ಯಾರೂ ಸುಮ್ನೆ ಬಿಟ್ಟುಕೊಟ್ಟದ್ದಲ್ಲ. 1991ರ ಜನವರಿ 13ರಂದು ವಿಲ್ನಿಯಸ್‌ನ ಟಿವಿ ಗೋಪುರದ ಬಳಿ ಬರಿಗೈಯಲ್ಲಿ ನಿಂತವರ ಮೇಲೆ ಟ್ಯಾಂಕ್ ನುಗ್ಗಿಸಿದರು.

ಕೋಚಿಂಗ್ ಕ್ಲಾಸಿನಲ್ಲಿ ಪಾಠ ಮಾಡುವ ಗೆಳೆಯರೇ, ನಾಳೆಯೇ ಬೋರ್ಡ್ ಮೇಲೆ ಮೂರು ಇಸವಿ ಬರೆಯಿರಿ: 1918, 1940, 1991. ಆ ವಿಡಿಯೊದ ಕೆಳಗೆ ನಾನೂ ಇಷ್ಟನ್ನೇ ಬರೆದು ಬಂದಿದ್ದೀನಿ. ಅವರು ತಿದ್ದುವವರೆಗೂ ಬಿಡಲ್ಲ.