ಲೈನ್ ಕ್ಲಿಯರ್ ಸಿಕ್ಕತೇನಪಾ?

ಮದುವೆ ಮನೆಗೆ ಬಂದ ಬೀಗರಿಗೂ ಈಗಿನ ಫೋನುಗಳಷ್ಟು ಅಧಿಕಪ್ರಸಂಗತನ ಇರುವುದಿಲ್ಲ. ಫೋನಿನಿಂದಲೇ ಓಡಿಸುವ ಅಂಗಳದ ಪುಟ್ಟ ರೈಲು ಪೇರಲ ಗಿಡ ದಾಟಿ ತಿರುವಿಗೆ ಬಂದಿರುತ್ತದೆ. ನಿಲ್ಲಿಸೋಣವೆಂದು ಪರದೆ ಒತ್ತಿದರೆ ಗಾಡಿ ಜಪ್ಪಯ್ಯ ಅಂದರೂ ನಿಲ್ಲುವುದಿಲ್ಲ. ಫೋನು ಅಷ್ಟರಲ್ಲಿ "ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ" ಎಂದು ತಾನೇ ತೀರ್ಮಾನಿಸಿ, ಯಾರನ್ನೂ ಕೇಳದೆ ಮೊಬೈಲ್ ಡೇಟಾಕ್ಕೆ ಜಿಗಿದಿರುತ್ತದೆ. ಎಂಜಿನ್ನಿನೊಳಗಿನ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ತನ್ನದೇ ವೈಫೈ ಎಬ್ಬಿಸಿ 192.168.4.1 ವಿಳಾಸದಲ್ಲಿ ಅಪ್ಪಣೆಗಾಗಿ ಕಾಯುತ್ತ ಕೂತಿದೆ. ಅದರಲ್ಲಿ ಇಂಟರ್ನೆಟ್ ಎಲ್ಲಿಂದ ಬರಬೇಕು, ಅದೇನು ರೈಲೋ ಸೈಬರ್ ಕೆಫೆಯೋ?

ಮೊಬೈಲ್ ಡೇಟಾ ಆಫ್ ಮಾಡಿದರೆ ಈ ಕಾಟ ತಪ್ಪುತ್ತದೆ. ತಪ್ಪಿದ ಕೂಡಲೇ ಯಾರದೋ ಫೋನ್ ಬರುತ್ತದೆ, ಪರದೆ ತುಂಬ ಅವರ ಮೋರೆ, ಗಾಡಿ ಮತ್ತೆ ಅನಾಥ. ಆದ್ದರಿಂದ ಫೋನಿನ ಸಹವಾಸವೇ ಬೇಡ. ಇನ್ನೊಂದು ಇಎಸ್‌ಪಿ32, ವೇಗ ಏರಿಸಿ ಇಳಿಸಲು 10 ಕಿಲೋಓಮ್‌ನ ಒಂದು ತಿರುಗಣೆ (ಪೊಟೆನ್ಶಿಯೋಮೀಟರ್), ದಿಕ್ಕು ಬದಲಿಸಲು ಒಂದು ಸ್ವಿಚ್ಚು, ಇಷ್ಟನ್ನು ಹಳೇ ಸೋಪಿನ ಡಬ್ಬಿಯಲ್ಲಿ ಕೂಡಿಸಿದರೆ ರಿಮೋಟ್ ಆಯಿತು. ಎರಡೂ ಬೋರ್ಡುಗಳು ಇಎಸ್‌ಪಿ-ನೌ ಎಂಬ ಪದ್ಧತಿಯಲ್ಲಿ ರೂಟರಿನ ಹಂಗಿಲ್ಲದೆ ನೇರ ಮಾತಾಡಿಕೊಳ್ಳುತ್ತವೆ. ಎರಡಕ್ಕೂ ಚಾನೆಲ್ ಒಂದೇ ಇರಬೇಕು. ತಿರುಗಣೆಯ ತಂತಿಯನ್ನು 32ರಿಂದ 39ರವರೆಗಿನ ಪಿನ್ನುಗಳಲ್ಲಿ ಒಂದಕ್ಕೇ ಕೊಡಬೇಕು. 25, 26, 27ಕ್ಕೆ ಕೊಟ್ಟರೆ ಬೋರ್ಡಿನ ವೈಫೈ ರೇಡಿಯೋ ಚಾಲೂ ಆದಮೇಲೆ ಅವು ವೋಲ್ಟೇಜ್ ಓದುವುದನ್ನು ಬಿಟ್ಟುಬಿಡುತ್ತವೆ. ಬೆಸುಗೆ ಸರಿಯಿಲ್ಲವೆಂದು ಬಿಚ್ಚಿ ಬಿಚ್ಚಿ ಹಾಕುವವರೆಲ್ಲ ಸಿಕ್ಕಿಬೀಳುವುದು ಇಲ್ಲಿಯೇ.

ಹಳಿಯಲ್ಲೇ ಕರೆಂಟು ಹರಿಸಿ ಗಾಡಿ ಓಡಿಸುವ ಪದ್ಧತಿ ಜರ್ಮನಿಯಲ್ಲಿ ಚಂದ. ಧಾರವಾಡದ ಅಂಗಳದಲ್ಲಿ ಬೆಳಿಗ್ಗೆ ಎದ್ದು ಕಸ ಹೊಡೆದು, ನೀರು ಚಿಮುಕಿಸಿ, ರಂಗೋಲಿ ಹಾಕುತ್ತಾರೆ. ರಂಗೋಲಿ ಪುಡಿಯಲ್ಲಿ ಕರೆಂಟು ಹರಿಯುವುದಿಲ್ಲ. ಹಿತ್ತಾಳೆ ಹಳಿಯ ಮೇಲೆ ತೆಳ್ಳಗೆ ಕೂತರೂ ಸಾಕು, ಎಂಜಿನ್ನು ಬಿಕ್ಕುತ್ತದೆ. ರಂಗೋಲಿ ಹಾಕುವವರಿಗೆ ಇದನ್ನು ತಿಳಿಸಿ ಹೇಳುವ ಧೈರ್ಯವಿದ್ದವರು ಹಳಿಗೆ ಕರೆಂಟು ಕೊಡಲಿ. ಉಳಿದವರು ಬ್ಯಾಟರಿಯನ್ನು ಗಾಡಿಯಲ್ಲೇ ಇಡುವುದು ಕ್ಷೇಮ: 18650 ಎಂಬ ಅಳತೆಯ ನಾಲ್ಕು ಲಿಥಿಯಂ ಸೆಲ್ಲುಗಳು ಸಾಲಾಗಿ, ಜೊತೆಗೆ ಅವುಗಳನ್ನು ಕಾಯುವ ಒಂದು ಬಿಎಂಎಸ್ ಬೋರ್ಡು. ತುಂಬಿದಾಗ 16.8 ವೋಲ್ಟು, 12.8ಕ್ಕೆ ಇಳಿದರೆ ಅವತ್ತಿನ ಸೇವೆ ಸಾಕು.

ಬೋರ್ಡಿನ ಅಪ್ಪಣೆಯಂತೆ ಮೋಟಾರಿಗೆ ಕರೆಂಟು ಕೊಡಲು ಡ್ರೈವರ್ ಬೇಕು, ಎಲ್ಲರೂ ಕೈಯಿಡುವುದು ಸಸ್ತಾ ಎಂದು ಎಲ್298ಎನ್ ಡ್ರೈವರಿಗೆ. ಅದು ಸುಮಾರು 2 ವೋಲ್ಟನ್ನು ತಾನೇ ತಿಂದು ಕಾವು ಕಾರುತ್ತದೆ. ಬಿಟಿಎಸ್7960 ಡ್ರೈವರ್ ವಾಸಿ. ಗಾಡಿ ಹೊರಡುವ ಕ್ಷಣಕ್ಕೇ ಬೋರ್ಡು ಸತ್ತು ಮತ್ತೆ ಹುಟ್ಟುತ್ತಿದ್ದರೆ ಕೋಡಿನಲ್ಲಿ ತಪ್ಪು ಹುಡುಕಬೇಡಿ. ಮೋಟಾರು ಒಮ್ಮೆಲೇ ಎಳೆದಾಗ ವೋಲ್ಟೇಜು ಕುಸಿಯುತ್ತದೆ, ರೇಡಿಯೋಕ್ಕೂ ಅರ್ಧ ಆಂಪಿಯರ್ ಸಿಗುವಂತಿರಬೇಕು. ಬೋರ್ಡಿಗೆ ವೋಲ್ಟೇಜು ಇಳಿಸಿ ಕೊಡುವ ಬೇರೆಯೇ 5 ವೋಲ್ಟಿನ ಬಕ್ ಕನ್ವರ್ಟರ್, ಅದರ ಬಾಯಿಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಮೋಟಾರಿನ ಎರಡು ಕಾಲುಗಳ ನಡುವೆ 0.1 ಮೈಕ್ರೋಫ್ಯಾರಡ್‌ನ ಸಿರಾಮಿಕ್ ಒಂದು. ಗಾಡಿಯ ಮೈ ಲೋಹದ್ದಾದರೆ ಬೋರ್ಡಿನ ಆಂಟೆನಾ ತುದಿ ಹೊರಗೆ ಇಣುಕುತ್ತಿರಲಿ.

ಇಷ್ಟಾದರೂ ನೀರು ಬಂದ ದಿನ ಗಾಡಿ ಕೈಕೊಡುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ನಳದಲ್ಲಿ ನೀರು ಬಂದ ದಿನ ಎಂದರೆ ಅಂಗಳದ ತುಂಬ ಬ್ಯಾರಲ್ಲು, ಕೊಡ, ಬಕೆಟ್ಟು, ಮತ್ತು ಅವುಗಳ ನಡುವೆ ಓಡಾಡುವ ಮಂದಿ. 2.4 ಗಿಗಾಹರ್ಟ್ಸ್ ರೇಡಿಯೋಕ್ಕೆ ನೀರೆಂದರೆ ಗೋಡೆ. ತುಂಬಿದ ಬ್ಯಾರಲ್ಲಿನ ಹಿಂದೆ ಗಾಡಿ ಹೋಯಿತೋ, ಸಂಪರ್ಕ ಕಡಿಯಿತು. ಅದಕ್ಕೇ ರಿಮೋಟು ಸೆಕೆಂಡಿಗೆ 10 ಸಲ ಸಂದೇಶ ಕಳಿಸುತ್ತಿರಬೇಕು, ಒಂದು ಸೆಕೆಂಡು ಏನೂ ಬಾರದಿದ್ದರೆ ಗಾಡಿ ತಾನಾಗಿ ನಿಧಾನಿಸಿ ನಿಲ್ಲಬೇಕು. ಈ ನಾಲ್ಕು ಸಾಲಿನ ಕೋಡು ಇಲ್ಲದ ಗಾಡಿ ಸೀದಾ ಗಟಾರಕ್ಕೆ.

ಇದೆಲ್ಲವನ್ನೂ ಸಹಿಸಬಹುದು. ಪಕ್ಕದ ಮನೆಯ ಕಾಕಾನನ್ನು ಸಹಿಸುವುದೇ ಕಷ್ಟ. ಸ್ಟೇಶನ್ ಮಾಸ್ತರಾಗಿ ರಿಟೈರ್ ಆದವರು, ಆದರೆ ಆ ಸುದ್ದಿ ಅವರಿಗಿನ್ನೂ ಮುಟ್ಟಿಲ್ಲ. ತಿರುಗಣೆ ಕಾಳಿನಷ್ಟು ಅಲುಗಿದರೂ ಕಂಪೌಂಡ್ ಗೋಡೆಯ ಮೇಲೆ ಅವರ ತಲೆ ಮೂಡುತ್ತದೆ.

"ಲೈನ್ ಕ್ಲಿಯರ್ ಸಿಕ್ಕತೇನಪಾ?"

"ಕಾಕಾ, ಇರೋದ ಒಂದ ಗಾಡಿ."

"ಒಂದಿರಲಿ, ಹತ್ತಿರಲಿ. ಟೋಕನ್ ಇಲ್ದ ಗಾಡಿ ಬಿಡ್ತಾರೇನ? ನೌಕರಿ ಹೋಗತೈತಿ!"

ಲೈನ್ ಕ್ಲಿಯರ್ ಎಂದರೆ ಮುಂದಿನ ಹಳಿ ಖಾಲಿಯಿದೆ, ಹೊರಡಬಹುದು ಎಂಬ ಅಪ್ಪಣೆ; ಟೋಕನ್ ಅದರ ಗುರುತು. ಯಾರ ನೌಕರಿ ಎಂದು ಕೇಳುವಂತಿಲ್ಲ. ಗೇಟು ತೆರೆದು ಒಳಗೆ ಬರುತ್ತಾರೆ, ಅಂಗಿಯ ಕಿಸೆಯಿಂದ ಒಂದು ಗಾಜಿನ ಗೋಲಿ ತೆಗೆದು ಎಂಜಿನ್ನಿನ ಹಿಂದಿನ ಡಬ್ಬಿಯಲ್ಲಿ ಇಡುತ್ತಾರೆ. ಆಮೇಲಷ್ಟೇ ಗಾಡಿ ಹೊರಡಬೇಕು. ಸುತ್ತು ಮುಗಿಸಿ ಬಂದಾಗ ಗೋಲಿ ಎತ್ತಿಕೊಂಡು, ತಿರುಗಿಸಿ ನೋಡಿ, ಕಿಸೆಗೆ ಹಾಕಿ, ಮತ್ತೊಮ್ಮೆ ತೆಗೆದು ಇಡುತ್ತಾರೆ. ಅದೇ ಗೋಲಿ. ಪ್ರತಿ ಸುತ್ತಿಗೂ. ಚಹಾಕ್ಕೆ ಮನೆಯಿಂದ ಕರೆ ಬಂದರೆ ಗೋಲಿ ಕಿಸೆಯಲ್ಲೇ ಹೋಗುತ್ತದೆ, ಅಂಗಳದ ರೈಲ್ವೆ ಸಂಚಾರ ಸ್ಥಗಿತ. ಬೇರೆ ಗೋಲಿ ಇಟ್ಟು ಓಡಿಸಿದರೆ ಬಣ್ಣ ನೋಡಿ ಹಿಡಿಯುತ್ತಾರೆ. ಮೋಟಾರಿಗೆ ಕರೆಂಟನ್ನು ಬಿಟ್ಟು ಬಿಟ್ಟು ಕೊಟ್ಟು ವೇಗ ಹಿಡಿತದಲ್ಲಿಡುವ ಪಿಡಬ್ಲ್ಯೂಎಂ 1 ಕಿಲೋಹರ್ಟ್ಸ್‌ನಲ್ಲಿದ್ದು ಕುಂಯ್‌ಗುಟ್ಟುತ್ತಿದ್ದಾಗ "ಹಾಟ್ ಆಕ್ಸಲ್ ಆಗೇತಿ, ಡಬ್ಬಿ ಕಡಿ ಮಾಡು" ಎಂದು ಹಟ ಹಿಡಿದರು. 20 ಕಿಲೋಹರ್ಟ್ಸ್‌ಗೆ ಏರಿಸಿ ಸದ್ದು ಕಿವಿಗೆ ಕೇಳದಂತಾದ ಮೇಲೆ, "ಎಣ್ಣಿ ಬಿಟ್ರಿ, ಛಲೋ ಆತು" ಎಂದು ಶಿಫಾರಸು ಕೊಟ್ಟರು.

ಹಳಿಗಳ ನಡುವಿನ ಅಂತರ 45 ಮಿಲಿಮೀಟರ್, ಗಾಡಿ ಅಸಲಿನ 22.5ರಲ್ಲಿ ಒಂದು ಪಾಲು. ಗುಣಿಸಿದರೆ ಹತ್ತಿರ ಹತ್ತಿರ ಒಂದು ಮೀಟರ್. ಇದನ್ನು ಕೇಳಿದ ದಿನ ಮಾತ್ರ ಕಾಕಾ ತಕರಾರು ತೆಗೆಯಲಿಲ್ಲ. "ಹಂಗಾರ ಇದು ನಮ್ಮ ಮೀಟರ್ ಗೇಜ್" ಎಂದು ಹಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. 90ರ ದಶಕದಲ್ಲಿ ಹುಬ್ಬಳ್ಳಿಯ ಹಳಿಗಳು ಬ್ರಾಡ್ ಗೇಜ್ ಆಗುವ ಮೊದಲಿನ ಮಾತು: ಟೋಕನ್ ಕೊಡುವ ನೀಲ್ಸ್ ಯಂತ್ರದಿಂದ ಉರುಳುವ ಲೋಹದ ಗುಂಡು, ಅದನ್ನಿಟ್ಟ ಚೀಲಕ್ಕೆ ಬೆತ್ತದ ಬಳೆ, ಓಡುವ ಎಂಜಿನ್ನಿನಿಂದ ಕೈಚಾಚಿ ಬಳೆಯನ್ನು ತೋಳಿಗೇರಿಸಿಕೊಳ್ಳುವ ಫೈರ್‌ಮನ್. ತೋಳಿಗೆ ಬಡಿದ ಗುರುತು ವಾರಗಟ್ಟಲೆ ಇರುತ್ತಿತ್ತಂತೆ. ಈಗಿನ ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮಿನ ಬಗ್ಗೆ ಅವರಿಗೆ ಅಷ್ಟು ಆಸ್ಥೆಯಿಲ್ಲ. ನಮ್ಮ ಅಳತೆಗೆ ತಂದರೂ ಅದು 67 ಮೀಟರ್. 30-40ರ ಸೈಟಿನಲ್ಲಿ ಕಟ್ಟಹೊರಟರೆ ಓಣಿಯ ನಾಲ್ಕೈದು ಮನೆಗಳ ಅಡಿಗೆಮನೆಯಲ್ಲಿ ಹಾಯಬೇಕು.

ಸಿಟ್ಟು ಬರುವ ಸಂಗತಿ ಎಂದರೆ, ಎರಡನೇ ಗಾಡಿ ಬಂದಾಗ ಕಾಕಾ ಹೇಳಿದ್ದೇ ಸರಿ. ಒಂದೇ ಹಳಿಯಲ್ಲಿ ಎರಡು ಗಾಡಿ ತಾವಾಗಿಯೇ ಓಡಬೇಕಾದರೆ ಹಳಿಯನ್ನು ಬ್ಲಾಕುಗಳಾಗಿ ಹಂಚಲೇಬೇಕು, ಗಾಡಿಗಳಿಗಿಂತ ಬ್ಲಾಕು ಒಂದಾದರೂ ಹೆಚ್ಚಿರಬೇಕು. ಬ್ಲಾಕಿನ ಗಡಿಯಲ್ಲಿ ಸ್ಲೀಪರುಗಳ ನಡುವೆ ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ಒಂದು ರೀಡ್ ಸ್ವಿಚ್ಚು, ಎಂಜಿನ್ನಿನ ಹೊಟ್ಟೆಗೆ 10 ಮಿಲಿಮೀಟರಿನ ನಿಯೋಡಿಮಿಯಂ ಅಯಸ್ಕಾಂತ, ನಡುವೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಸಂದು ಬೇಡ. ರೀಡ್ ಸ್ವಿಚ್ಚಿನ ಕಾಲನ್ನು ಗಾಜಿನ ಬುಡದಲ್ಲೇ ಬಗ್ಗಿಸಿದರೆ ಗಾಜು ಸೀಳುತ್ತದೆ, ಇಕ್ಕಳದಿಂದ ಹಿಡಿದು ಬಗ್ಗಿಸಬೇಕು. ಮುಂದಿನ ಬ್ಲಾಕು ಖಾಲಿಯಾಗುವ ತನಕ ಹಿಂದಿನ ಗಾಡಿಗೆ ಹೊರಡುವ ಅಪ್ಪಣೆಯಿಲ್ಲ. ಅಂದರೆ ಲೈನ್ ಕ್ಲಿಯರ್. ಕೋಡಿನಲ್ಲಿ ಆ ವೇರಿಯಬಲ್ಲಿನ ಹೆಸರು ಗೋಲಿ ಎಂದೇ ಇದೆ.

ಎರಿ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಹಳಿಯ ಕೆಳಗೆ ಅರ್ಧ ಅಡಿ ತೋಡಿ ಕಡಿ ತುಂಬದಿದ್ದರೆ ಡಬ್ಬಿಗಳು ಕಳಚಿಕೊಳ್ಳುತ್ತವೆ. ಹಾಗೆ ಕಳಚಿದ ದಿನವೇ ಕಾಕಾ ಬಂದರು.

"ಗಾಡಿ ಪೂರಾ ಬಂತು ಅಂತ ನಿನ್ನ ಮಶೀನಿಗೆ ಹೆಂಗ ಗೊತ್ತು? ಕಡೇ ಡಬ್ಬಿಗೆ ಎಲ್‌ವಿ ಬೋರ್ಡ್ ಎಲ್ಲೈತಿ?"

ಎಲ್‌ವಿ ಎಂದರೆ ಲಾಸ್ಟ್ ವೆಹಿಕಲ್, ಗಾಡಿಯ ಕಡೇ ಡಬ್ಬಿ ಇದೇ ಎಂದು ತೋರಿಸುವ ಹಲಗೆ. ಮಶೀನಿಗೆ ಗೊತ್ತಿರಲಿಲ್ಲ. ಎಂಜಿನ್ನು ದಾಟಿತೆಂದು ಬ್ಲಾಕನ್ನು ಖಾಲಿ ಎಂದು ಬರೆದುಕೊಂಡಿತ್ತು, ಹಿಂದುಳಿದ ಎರಡು ಡಬ್ಬಿಗಳು ಅಲ್ಲೇ ನಿಂತಿದ್ದವು. ಈಗ ಕಡೇ ಡಬ್ಬಿಗೂ ಅಯಸ್ಕಾಂತವಿದೆ. ಎರಡೂ ದಾಟಿದರಷ್ಟೇ ಬ್ಲಾಕು ಬಿಡುಗಡೆ. ಗಾಡಿ ಒಂದೂವರೆ ಮೀಟರ್ ಉದ್ದ, ಸೆಕೆಂಡಿಗೆ 30 ಸೆಂಟಿಮೀಟರ್ ವೇಗ ಎಂದರೆ ಎರಡರ ನಡುವೆ 5 ಸೆಕೆಂಡು. ಸ್ವಿಚ್ಚು ತುಡಿದು ಒಂದನ್ನೇ ಹಲವು ಸಲ ಎಣಿಸದಂತೆ ಮಶೀನು ಒಂದು ಸೆಕೆಂಡು ಕಣ್ಣು ಮುಚ್ಚಿದರೆ ಸಾಕು.

"ಅದ ನಿನ್ನ ಮಶೀನಿಗೆ ಕಾಣತೈತಿ. ನನಗ ಕಾಣಬೇಕಲ್ಲ? ಕೆಂಪ ದೀಪ ಹಚ್ಚು."

5 ವೋಲ್ಟಿಗೆ ಒಂದು ಕೆಂಪು ಎಲ್‌ಇಡಿ, 470 ಓಮ್ ರೆಸಿಸ್ಟರ್. ಹಚ್ಚಿದ್ದಾಯಿತು. ಕಾಕಾ ಗೋಡೆಯ ಮೇಲಿಂದ ಬಹಳ ಹೊತ್ತು ನೋಡಿದರು.

"ಮಿಣಕಬೇಕಲ್ಲೋ ಅದು."