ಬೇಳದ ಇಗರ್ಜಿ ಮತ್ತು ಬಾಯಮ್ಮನ ಪುಸ್ತಕ

ಕಾಸರಗೋಡಿನ ಕುಂಬಳೆ-ಬದಿಯಡ್ಕ ರಸ್ತೆಯಲ್ಲಿ ಸೀತಾಂಗೋಳಿ ದಾಟಿದರೆ ಬೇಳ. ಅಲ್ಲಿನ ಶೋಕಮಾತಾ ಇಗರ್ಜಿಯ, ಅಂದರೆ ಚರ್ಚಿನ, ಫೋಟೋ ಈಗ ದಿನಕ್ಕೊಂದಾದರೂ ಕಣ್ಣಿಗೆ ಬೀಳುತ್ತದೆ. ಮದುವೆ ಜೋಡಿ, ಹಿಂದೆ ಇಗರ್ಜಿ. ಚೆಂದ ಇದೆ, ಇಲ್ಲ ಅನ್ನೋದಿಲ್ಲ. ಆದರೆ ಎಲ್ಲರೂ ಎದುರಿನ ಗೋಡೆ ನೋಡಿಯೇ ವಾಪಸ್ ಹೋಗುತ್ತಾರಲ್ಲ, ಅದು ನನಗೆ ಬೇಜಾರು.

1890ರಲ್ಲಿ ಶುರುವಾದ ಇಗರ್ಜಿ ಇದು. ಕಟ್ಟಡ ಗೋಥಿಕ್ ಶೈಲಿಯದ್ದು. ಈ ಶೈಲಿಯ ಗುಟ್ಟು ಇರುವುದು ತುದಿ ಚೂಪಾದ ಕಮಾನಿನಲ್ಲಿ. ಅರ್ಧ ವೃತ್ತದ ಕಮಾನು ಭಾರವನ್ನು ಪಕ್ಕದ ಗೋಡೆಗೆ ಜಾಸ್ತಿ ತಳ್ಳುತ್ತದೆ. ಚೂಪು ಕಮಾನು ಹೆಚ್ಚಿನದನ್ನು ಕೆಳಗೆ ನೆಲಕ್ಕೇ ಇಳಿಸುತ್ತದೆ. ಹಾಗಾಗಿ ಎತ್ತರಕ್ಕೆ ಕಟ್ಟಬಹುದು. ಯುರೋಪಿನ ಚಳಿಯಲ್ಲಿ ಹುಟ್ಟಿದ ಈ ಲೆಕ್ಕಾಚಾರ ನಮ್ಮ ತುಳುನಾಡಿನ ಆಟಿ ತಿಂಗಳ ಮಳೆಗೆ ನೆನೆಯುತ್ತಾ ನಿಂತಿದೆ!

ನಾನು ಕ್ರೈಸ್ತನಲ್ಲ. ಆದರೆ ಆ ಗಂಟೆ ಕೇಳಿಯೇ ಬೆಳೆದವನು. ಸಂಜೆ ಗಂಟೆ ಬಡಿದರೆ ನೆರೆಮನೆಯ ಬಾಯಮ್ಮನಿಗೆ ಆಮೊರಿ ಪ್ರಾರ್ಥನೆ, ನನ್ನ ಅಮ್ಮನಿಗೆ ದೀಪ ಹಚ್ಚುವ ಹೊತ್ತು. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ನಮ್ಮ ಗದ್ದೆಯಿಂದಲೂ ತೆನೆ ಹೋಗುತ್ತಿತ್ತು. ಈಗ ಗದ್ದೆ ಇದ್ದಲ್ಲಿ ಅಡಿಕೆ ತೋಟ. ತೆನೆ ಎಲ್ಲಿಂದಲೋ ತರಿಸಬೇಕು. ಇದರಲ್ಲಿ ನಮ್ಮ ಮನೆಯದ್ದೂ ತಪ್ಪಿದೆ ಬಿಡಿ.

ನಾನು ಹೇಳಹೊರಟಿದ್ದು ಬೇರೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಕಚೇರಿಯ ಕಾಗದಗಳೆಲ್ಲ ತಿರುವನಂತಪುರದ ದಾರಿ ಹಿಡಿದವು. ಇಗರ್ಜಿ ಮಾತ್ರ ಇವತ್ತಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ, ಅಂದರೆ ಅಲ್ಲಿನ ಬಿಷಪರ ಆಡಳಿತದಲ್ಲೇ ಇದೆ. ಹಿಂದೆ ಪೂಜೆ ಲ್ಯಾಟಿನ್‌ನಲ್ಲಿ ಆಗುತ್ತಿತ್ತು. 1962-65ರ ವ್ಯಾಟಿಕನ್ ಸಭೆಯ ನಂತರ ಜನರ ಭಾಷೆ ಬಂತು. ನಮ್ಮ ಕಡೆ ಅದು ಕೊಂಕಣಿ. ಬರೆಯುವುದು ಯಾವ ಲಿಪಿಯಲ್ಲಿ? ಕನ್ನಡದಲ್ಲಿ!

ಗಡಿನಾಡಿನ ಕನ್ನಡದ ಬಗ್ಗೆ ಭಾಷಣ ಮಾಡುವಾಗ ನಾವು ಶಾಲೆ, ಯಕ್ಷಗಾನ ಅನ್ನುತ್ತೇವೆ. ಪ್ರತಿ ಭಾನುವಾರ ಕನ್ನಡ ಅಕ್ಷರ ಓದಿ ದೇವರನ್ನು ಕರೆಯುವ ಇವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವರ ಮನೆಮಾತು ಕೊಂಕಣಿ ಅಂತಲಾ? ನನ್ನ ಮನೆಮಾತೂ ಕನ್ನಡವಲ್ಲ, ತುಳು. ಅಕ್ಷರ ಮಾತ್ರ ಇಬ್ಬರದ್ದೂ ಒಂದೇ ಅಲ್ವಾ?

ಕಳೆದ ತಿಂಗಳು ಬಾಯಮ್ಮನ ಮನೆಗೆ ಹೋಗಿದ್ದೆ. ಮೊಮ್ಮಗ ಇಂಗ್ಲಿಷ್ ಮೀಡಿಯಂ, ಎರಡನೇ ಭಾಷೆ ಮಲಯಾಳ. ಜಗಲಿಯಲ್ಲಿ ಕೊಂಕಣಿ ಪ್ರಾರ್ಥನೆ ಪುಸ್ತಕ ಬಿಡಿಸಿಟ್ಟುಕೊಂಡು ಅಜ್ಜಿ ಅವನಿಗೆ ಕನ್ನಡ ಕಲಿಸುತ್ತಿದ್ದರು. ಹುಡುಗ ಒತ್ತಕ್ಷರದಲ್ಲಿ ಸಿಕ್ಕಿಬಿದ್ದಿದ್ದ. ನನ್ನನ್ನು ಕಂಡದ್ದೇ ಬಾಯಮ್ಮ, "ಮಾಸ್ಟ್ರೇ, ಸ್ವಲ್ಪ ಇವನಿಗೆ ಹೇಳಿಕೊಡಿ, ನಾನು ಚಾ ಇಡ್ತೇನೆ" ಅಂತ ಪುಸ್ತಕ ನನ್ನ ಕೈಗೆ ಕೊಟ್ಟು ಒಳಗೆ ಹೋದರು.