ಗುಡ್ಡ ಕೊರೆದರೆ ಒಳಗೆ ಏನಿರಬೇಕು?

ಊರಿಂದ ಒಂದು ಫೋಟೋ ಬಂದಿತ್ತು. ಅರ್ಧ ಕರಗಿದ ಗುಡ್ಡ, ಬುಡದಲ್ಲಿ ಕ್ರಷರ್, ಸಾಲುಗಟ್ಟಿ ನಿಂತ ಟಿಪ್ಪರ್‌ಗಳು. ಪಕ್ಕದ ಮೇಜಿನ ನಾರ್ವೆಯ ಸಹೋದ್ಯೋಗಿ ಅದನ್ನು ನೋಡಿ ತೀರಾ ಸಹಜವಾಗಿ ಕೇಳಿದ: “ಒಳಗೆ ಏನು ಕಟ್ಟುತ್ತಿದ್ದಾರೆ?” ಏನೂ ಕಟ್ಟುತ್ತಿಲ್ಲ, ಜಲ್ಲಿಗೆ ಒಡೆಯುತ್ತಿದ್ದಾರೆ ಎಂದದ್ದು ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅವನು ಯೋವಿಕ್ ಊರಿನವನು. ಅಲ್ಲಿ ಗುಡ್ಡ ಕೊರೆದರೆ ಒಳಗೆ ಏನಾದರೂ ಇರಲೇಬೇಕು. ಮೊದಲು ಈಜುಕೊಳ ಬಂತು, ದೂರವಾಣಿ ಕೇಂದ್ರ ಬಂತು, ಆಮೇಲೆ ಚಳಿಗಾಲದ ಒಲಿಂಪಿಕ್ಸ್‌ನ ಐಸ್ ಹಾಕಿ ಅಂಗಣವೇ ಬಂತು. ಆ ಪ್ರಶ್ನೆ ಚುಚ್ಚಿದ್ದು ಇನ್ನೂ ಆರಿಲ್ಲ.

1994ರ ಫೆಬ್ರವರಿ 12ರಿಂದ 27ರವರೆಗೆ ಲಿಲ್ಲೆಹಾಮರ್‌ನಲ್ಲಿ ನಡೆದ ಆ ಒಲಿಂಪಿಕ್ಸ್ ಎಂದರೆ ಇಲ್ಲಿ ನಾರ್ವೆಯಲ್ಲಿ ಜನ ನೆನೆಯುವುದು ಬೇರೆಯದನ್ನು. ಹಾಮಾರ್‌ನ ‘ವೈಕಿಂಗ್ ಹಡಗು’ ಸಭಾಂಗಣದಲ್ಲಿ ಯೂಹಾನ್ ಓಲಾವ್ ಕೋಸ್ 1500, 5000, 10000 ಮೀಟರ್ ಸ್ಕೇಟಿಂಗ್ ಮೂರರಲ್ಲೂ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದದ್ದು. ಸ್ಕೀ ರಿಲೇಯ ಕೊನೆಯ ನೇರ ಹಾದಿಯಲ್ಲಿ ಇಟಲಿಯ ಸಿಲ್ವಿಯೊ ಫೌನರ್ ನಾರ್ವೆಯ ಬ್ಯೋರ್ನ್ ಡೇಲಿಗಿಂತ 0.4 ಸೆಕೆಂಡ್ ಮೊದಲು ಗೆರೆ ದಾಟಿದ್ದು. ಹಾಕಿ ಫೈನಲ್‌ನಲ್ಲಿ ಕೆನಡಾ ವಿರುದ್ಧ ಸ್ವೀಡನ್ನಿನ ಪೀಟರ್ ಫೋರ್ಸ್‌ಬರ್ಗ್ ಹೊಡೆದ ಪೆನಾಲ್ಟಿ ಗೋಲನ್ನು ಆ ದೇಶ ಅಂಚೆಚೀಟಿ ಮಾಡಿದ್ದು. 67 ದೇಶಗಳು ಬಂದಿದ್ದವು, ಭಾರತ ಇರಲಿಲ್ಲ. ಬೇಸಿಗೆಯ ಒಲಿಂಪಿಕ್ಸ್ ನಡೆಯುವ ವರ್ಷದಿಂದ ಚಳಿಗಾಲದ್ದನ್ನು ಬೇರ್ಪಡಿಸಿದ ಮೇಲೆ ನಡೆದ ಮೊದಲ ಕೂಟ ಅದು. ಹಾಗಾಗಿ ಹಿಂದಿನ ಆಲ್ಬರ್ಟ್‌ವಿಲ್ ಕೂಟ ಮುಗಿದು ಎರಡೇ ವರ್ಷಕ್ಕೆ ಬಂತು.

1988ರ ಸೆಪ್ಟೆಂಬರ್‌ನಲ್ಲಿ ಸೋಲ್‌ನಲ್ಲಿ ನಡೆದ ಮತದಾನದಲ್ಲಿ ಲಿಲ್ಲೆಹಾಮರ್ ಸ್ವೀಡನ್ನಿನ ಓಸ್ಟರ್‌ಸುಂಡ್ ಅನ್ನು 45–39ರಿಂದ ಸೋಲಿಸಿದಾಗ ಆ ಊರಿನ ಜನಸಂಖ್ಯೆ ಸುಮಾರು 23,000. ನಮ್ಮ ಕಡೆಯ ಒಂದು ಸಣ್ಣ ತಾಲ್ಲೂಕು ಕೇಂದ್ರದಷ್ಟು. ಇಷ್ಟು ಚಿಕ್ಕ ಊರಿನಲ್ಲೇ ಎಲ್ಲ ಅಂಗಣಗಳನ್ನೂ ಕಟ್ಟಿದರೆ ಕೂಟ ಮುಗಿದ ಮೇಲೆ ಬಳಸುವವರು ಯಾರು ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಕೊನೆಗೆ ಮ್ಯೋಸಾ ಸರೋವರದ ಸುತ್ತಲಿನ ಊರುಗಳಿಗೆ ಹಂಚಿದರು. ಸ್ಕೇಟಿಂಗ್ ಹಾಮಾರ್‌ಗೆ, ಎರಡನೆಯ ಹಾಕಿ ಅಂಗಣ ಯೋವಿಕ್‌ಗೆ. ಯೋವಿಕ್‌ನವರು ಅದನ್ನು ಬಯಲಿನಲ್ಲಿ ಕಟ್ಟಲಿಲ್ಲ. ಊರ ನಡುವೆಯೇ ಇರುವ ಹೋವ್ಡೆತೋಪ್ಪೆನ್ ಎಂಬ ಗುಡ್ಡದ ಒಳಗೆ ಕೊರೆದರು.

ಅಳತೆ ಕೇಳಿ: 61 ಮೀಟರ್ ಅಗಲ, 91 ಮೀಟರ್ ಉದ್ದ, ಸುಮಾರು 25 ಮೀಟರ್ ಎತ್ತರ. ಐದು ಸಾವಿರಕ್ಕೂ ಹೆಚ್ಚು ಜನ ಕೂರುವ ಜಾಗ. ನಡುವೆ ಒಂದೇ ಒಂದು ಕಂಬವಿಲ್ಲ. ಆ ಕಾಲದ ದೊಡ್ಡ ಭೂಗತ ವಿದ್ಯುದಾಗಾರಗಳ ಅಗಲ ಸಾಮಾನ್ಯವಾಗಿ ಇದರ ಅರ್ಧವನ್ನೂ ಮುಟ್ಟುತ್ತಿರಲಿಲ್ಲ. ತಲೆಯ ಮೇಲೆ ಉಳಿದ ಬಂಡೆಯ ದಪ್ಪ 25ರಿಂದ 50 ಮೀಟರ್ ಮಾತ್ರ. ಅಂದರೆ ಕೆಲವು ಕಡೆ ಚಾವಣಿಯ ದಪ್ಪ ಸಭಾಂಗಣದ ಅಗಲದ ಅರ್ಧಕ್ಕಿಂತ ಕಡಿಮೆ. ಪುಸ್ತಕದ ನಿಯಮ ನಂಬಿದವರು ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಬಂಡೆ ಅಪ್ಪಟವಾಗಿತ್ತೇ? ಇರಲಿಲ್ಲ. ಅದು ಬಿರುಕು ಬಿಟ್ಟ ನೈಸ್ (gneiss) ಎಂಬ ಪಟ್ಟೆಪಟ್ಟೆ ಶಿಲೆ. ಕೊರೆದು ತೆಗೆದ ಕೋರ್‌ನಲ್ಲಿ, ಅಂದರೆ ಕೋಲಿನಾಕಾರದ ಕಲ್ಲಿನ ಮಾದರಿಯಲ್ಲಿ, ಹತ್ತು ಸೆಂಟಿಮೀಟರಿಗಿಂತ ಉದ್ದದ ತುಂಡುಗಳನ್ನು ಕೂಡಿಸಿದರೆ ಒಟ್ಟು ಉದ್ದದ ಸುಮಾರು 70 ಶೇಕಡಾ. ನಾರ್ವೆಯ ಜಿಯೊಟೆಕ್ನಿಕಲ್ ಸಂಸ್ಥೆಯ ಬಾರ್ಟನ್, ಲೀನ್ ಮತ್ತು ಲುಂಡೆ 1974ರಲ್ಲಿ ರೂಪಿಸಿದ, ಬಂಡೆಯ ಗುಣಕ್ಕೆ ಅಂಕ ಕೊಡುವ ‘ಕ್ಯೂ’ ಪದ್ಧತಿಯಲ್ಲಿ ಅಳೆದಾಗ ಸರಾಸರಿ ಅಂಕ ಹತ್ತರ ಆಸುಪಾಸು ಬಂತು. ‘ಸಾಧಾರಣ’ ಮತ್ತು ‘ಉತ್ತಮ’ ಎರಡರ ಗಡಿ ಅದು. ಈ ಪದ್ಧತಿಯಲ್ಲಿ ಆರು ಸಂಖ್ಯೆಗಳಿವೆ: ಕೋರ್‌ನ ಗುಣ, ಬಿರುಕುಗಳ ಗುಂಪು ಎಷ್ಟು, ಬಿರುಕಿನ ಮೈ ಒರಟೋ ನುಣುಪೋ, ಒಳಗೆ ಜೇಡಿ ತುಂಬಿದೆಯೋ, ನೀರು ಎಷ್ಟು, ಒತ್ತಡ ಎಷ್ಟು. ಮೊದಲ ಎರಡನ್ನು ಭಾಗಿಸಿದರೆ ತುಂಡುಗಳ ಗಾತ್ರದ ಅಂದಾಜು ಸಿಗುತ್ತದೆ, ನಡುವಿನ ಎರಡರಿಂದ ಅವುಗಳ ಹಿಡಿತ ತಿಳಿಯುತ್ತದೆ, ಕೊನೆಯ ಎರಡರಿಂದ ಹೊರಗಿನ ಕಾಟ. ಯೋವಿಕ್‌ನ ಬಿರುಕುಗಳು ಒರಟಾಗಿದ್ದವು, ಅಂಕುಡೊಂಕಾಗಿದ್ದವು, ಜೇಡಿ ಬಹಳ ಕಡಿಮೆ ಇತ್ತು. ಹಾಗಾಗಿ ತುಂಡುಗಳು ಒಂದರ ಮೇಲೊಂದು ಜಾರುವುದಿಲ್ಲ.

ಕೆಲಸ ಸಾಧ್ಯವಾಗಿದ್ದು ಮುಖ್ಯವಾಗಿ ಅಡ್ಡ ಒತ್ತಡದಿಂದ. ಆ ಗುಡ್ಡದಲ್ಲಿ ಬಂಡೆ ತನ್ನ ಭಾರದಿಂದ ಕೆಳಕ್ಕೆ ಒತ್ತುವುದಕ್ಕಿಂತ ಹಲವು ಪಟ್ಟು ಬಲವಾಗಿ ಎರಡೂ ಪಕ್ಕಗಳಿಂದ ಒತ್ತಿಕೊಂಡಿದೆ. ಕಮಾನಿನ ಕಲ್ಲುಗಳನ್ನು ಪಕ್ಕದಿಂದ ಒತ್ತಿ ಹಿಡಿದರೆ ಅವು ಬೀಳುವುದಿಲ್ಲ. ಈ ಒತ್ತಡ ತೀರಾ ಕಡಿಮೆ ಇದ್ದಿದ್ದರೆ ತುಂಡುಗಳು ಕಳಚಿ ಬೀಳುತ್ತಿದ್ದವು. ತೀರಾ ಹೆಚ್ಚಿದ್ದಿದ್ದರೆ ಬಂಡೆಯೇ ಸಿಡಿಯುತ್ತಿತ್ತು. ಅದನ್ನು ಮೊದಲೇ ಅಳೆದು ನೋಡಿದ್ದರಿಂದ ಧೈರ್ಯ ಬಂತು.

ಅಗೆದ ಕ್ರಮವನ್ನೂ ಹೇಳಬೇಕು. ಮೊದಲು ಕಮಾನಿನ ನೆತ್ತಿಯಲ್ಲಿ ಒಂದು ಕಿರಿದಾದ ಸುರಂಗ. ಅಲ್ಲಿಂದ ಬಂಡೆಯನ್ನು ಕಣ್ಣಾರೆ ನೋಡಿ, ಬಿರುಕುಗಳ ನಕ್ಷೆ ಬರೆದು, ಆಮೇಲೆ ಎರಡೂ ಪಕ್ಕಕ್ಕೆ ಹಂತಹಂತವಾಗಿ ಅಗಲ. ಪ್ರತಿ ಹಂತದಲ್ಲೂ ಚಾವಣಿಗೆ ಉಕ್ಕಿನ ಎಳೆ ಬೆರೆಸಿದ ಕಾಂಕ್ರೀಟ್ ಸಿಂಪಡಣೆ, ಸುಮಾರು ಹತ್ತು ಸೆಂಟಿಮೀಟರ್. ಆರು ಮೀಟರ್ ಉದ್ದದ ಬೋಲ್ಟ್‌ಗಳು ಎರಡೂವರೆ ಮೀಟರಿಗೊಂದರಂತೆ, ಅವುಗಳ ನಡುವೆ ಐದು ಮೀಟರಿಗೊಂದರಂತೆ ಹನ್ನೆರಡು ಮೀಟರಿನ ಕೇಬಲ್ ಬೋಲ್ಟ್‌ಗಳು. ಚಾವಣಿ ಪೂರ್ತಿ ಭದ್ರವಾದ ಮೇಲಷ್ಟೇ ನೆಲವನ್ನು ಮೆಟ್ಟಿಲಿನಂತೆ ಕೆಳಕ್ಕೆ ಇಳಿಸಿದ್ದು. ಈ ಕ್ರಮ ತಪ್ಪಿ ಮೊದಲು ಕೆಳಕ್ಕೆ ಇಳಿದರೆ, ಆಮೇಲೆ ಚಾವಣಿಯ ತೊಂದರೆ ಸರಿಪಡಿಸಲು ಕೈಗೆ ಎಟುಕುವುದಿಲ್ಲ. ಅಂಚಿನ ಕುಳಿಗಳನ್ನು ಹತ್ತಿರ ಹತ್ತಿರ ಕೊರೆದು ಮದ್ದನ್ನು ಕಡಿಮೆ ತುಂಬಿದರೆ ಉಳಿಯುವ ಗೋಡೆಗೆ ಪೆಟ್ಟು ಬೀಳುವುದಿಲ್ಲ. ಒಟ್ಟು 1,40,000 ಘನ ಮೀಟರ್ ಬಂಡೆ ಹೊರಗೆ ಬಂತು. ಸುಮಾರು 29,000 ಲಾರಿ ಲೋಡು. ಎಲ್ಲ ಮುಗಿದಾಗ ಚಾವಣಿ ಕುಸಿದದ್ದು ಹತ್ತು ಮಿಲಿಮೀಟರಿಗಿಂತ ಕಡಿಮೆ. ಲೆಕ್ಕ ಹಾಕಿದವರು ಮೊದಲೇ ಹೇಳಿದ್ದೂ ಅಷ್ಟೇ. 1993ರಲ್ಲಿ ಸಭಾಂಗಣ ತೆರೆಯಿತು.

ಇದನ್ನೆಲ್ಲ ಓದುವಾಗ ನನಗೆ ನಾರ್ವೆಯವರ ಮೇಲೆ ಮೆಚ್ಚುಗೆಗಿಂತ ನಮ್ಮವರ ಮೇಲೆ ಸಿಟ್ಟೇ ಹೆಚ್ಚು ಬರುತ್ತದೆ. ಏಕೆಂದರೆ ನಮ್ಮ ಕಾಲಡಿ ಇರುವುದೂ ನೈಸ್, ಗ್ರಾನೈಟ್. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿ ಫಲಕ ಹಾಕಿದ್ದೇವೆ. ಅಂಥದ್ದೇ ಗಟ್ಟಿ ಬಂಡೆಯನ್ನು ದೇವನಹಳ್ಳಿಯ ಸುತ್ತ, ರಾಮನಗರದ ಸುತ್ತ, ಚಿಕ್ಕಬಳ್ಳಾಪುರದಲ್ಲಿ 20 ಎಂಎಂ, 40 ಎಂಎಂ ಎಂದು ಅಳೆದು ಮಾರುತ್ತಿದ್ದೇವೆ. ಬಂಡೆಯ ಮೇಲೆ ಬೆಂಕಿ ಹಾಕಿ, ಸುತ್ತಿಗೆಯ ಸದ್ದು ಕೇಳಿ, ಎಲ್ಲಿ ಪದರ ಎದ್ದಿದೆ ಎಂದು ಹೇಳಿ ಚಪ್ಪಡಿ ಎಬ್ಬಿಸುವ ಕಲ್ಲುಕುಟಿಗರು ನಮ್ಮಲ್ಲಿ ತಲೆತಲಾಂತರದಿಂದ ಇದ್ದಾರೆ. ಯೋವಿಕ್‌ನ ಸುರಂಗದಲ್ಲೂ ಹಾರೆಯಿಂದ ಬಡಿದು, ಟೊಳ್ಳು ಸದ್ದು ಬಂದ ಕಲ್ಲನ್ನು ಕೆಡವಿದ ಮೇಲೆಯೇ ಮುಂದಿನ ಕೆಲಸ. ಬಂಡೆಯೊಳಗೆ ಮಂಟಪ ಬಿಡಿಸುವುದು ನಮಗೇನು ಹೊಸದೇ? ಬಾದಾಮಿಯ ಮೂರನೆಯ ಗುಹೆಯ ಶಾಸನದ ಕಾಲ ಕ್ರಿ.ಶ. 578.

ಹೊಸ ಕಾಲದ ವಿದ್ಯೆಯೂ ನಮ್ಮಲ್ಲಿತ್ತು. ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಅಲ್ಲಿ ಬಂಡೆಯ ಒತ್ತಡ ಮಿತಿಮೀರಿ ಗೋಡೆ ಸಿಡಿದು ಜನ ಸತ್ತ ಚರಿತ್ರೆ ಒಂದು ಶತಮಾನದ್ದು. ಯೋವಿಕ್‌ಗೆ ವರವಾದ ಒತ್ತಡ ಕೆಜಿಎಫ್‌ನಲ್ಲಿ ಮೃತ್ಯುವಾಗಿತ್ತು. ಅದನ್ನು ಅಳೆಯುವ, ಕಂಪನ ಕೇಳಿಸಿಕೊಳ್ಳುವ ವಿದ್ಯೆಯನ್ನು ಅಲ್ಲಿನವರು ಜೀವ ತೆತ್ತು ಕಲಿತರು. ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಕೆಜಿಎಫ್‌ನಲ್ಲಿ ಹುಟ್ಟಿದ್ದು 1988ರಲ್ಲಿ, ಲಿಲ್ಲೆಹಾಮರ್‌ಗೆ ಒಲಿಂಪಿಕ್ಸ್ ಒಲಿದ ವರ್ಷವೇ. ಗಣಿ ಮುಚ್ಚಿದ್ದು 2001ರಲ್ಲಿ. ಅಷ್ಟು ಅನುಭವವಿದ್ದ ನಾಡಿನಲ್ಲಿ ಜನ ಕೂರುವ, ಮಕ್ಕಳು ಆಡುವ ಒಂದಾದರೂ ಶಿಲಾ ಸಭಾಂಗಣ ಬಂತೇ? ಗುಡ್ಡ ಮುಗಿದ ಮೇಲೆ ಉಳಿಯುವುದು ನೀರು ತುಂಬಿದ ಗುಂಡಿ. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕ್ವಾರಿಗಳಿಗೆ ಬೆಂಗಳೂರಿನ ಕಸ ಬಿತ್ತು. ಸಿಡಿಮದ್ದಿನ ಕತೆಯೂ ಬೇರೆ: 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರು ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ. ಎರಡೂ ಕಡೆ ಕ್ವಾರಿಯ ಸಿಡಿಮದ್ದು ಸ್ಫೋಟಿಸಿ ಜನ ಸತ್ತರು. ಯೋವಿಕ್‌ನವರು ಮನೆ, ಅಂಗಡಿಗಳ ಪಕ್ಕದಲ್ಲೇ ನೂರು ಟನ್ನಿಗೂ ಹೆಚ್ಚು ಸಿಡಿಮದ್ದು ಬಳಸಿದರು, ತರಬೇತಾದವರ ಕೈಯಲ್ಲಿ, ಪ್ರತಿ ಸ್ಫೋಟದ ಕಂಪನ ಅಳೆಯುತ್ತ.

ಒಳಗೆ ಏನಿರಬೇಕು ಎಂಬುದನ್ನು ಮೊದಲೇ ಯೋಚಿಸಿದ್ದರ ಫಲ ಈಗಲೂ ಕಾಣುತ್ತದೆ. ಒಲಿಂಪಿಕ್ಸ್ ಮುಗಿದ ಮರುವರ್ಷ ಅಲ್ಲೇ ಶಾರ್ಟ್ ಟ್ರ್ಯಾಕ್ ಸ್ಕೇಟಿಂಗ್‌ನ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 2016ರ ಯುವ ಒಲಿಂಪಿಕ್ಸ್‌ಗೂ ಅದೇ ಸಭಾಂಗಣ. ನಡುವೆ ಊರ ಹಾಕಿ ತಂಡ, ಸಂಗೀತ ಕಾರ್ಯಕ್ರಮ. ಬಂಡೆಯ ಒಳಗೆ ವರ್ಷವಿಡೀ ಏಳೆಂಟು ಡಿಗ್ರಿ, ಹೊರಗೆ ಮೈನಸ್ ಇಪ್ಪತ್ತಿದ್ದರೂ ಅಷ್ಟೇ. ಲಿಲ್ಲೆಹಾಮರ್‌ನ ರೇಡಿಯೊ, ಟಿವಿ ಕೇಂದ್ರ ಕಾಲೇಜಾಯಿತು. ಲೂಸ್ಗೋರ್ಡ್ಸ್‌ಬಾಕೆನ್ ಸ್ಕೀ ಜಿಗಿತದ ಇಳಿಜಾರಿಗೆ ಅಗೆದ ಕಲ್ಲನ್ನೂ ವ್ಯರ್ಥ ಮಾಡಲಿಲ್ಲ, ಅದನ್ನು ಪದಕಗಳೊಳಗೆ ಕೂರಿಸಿದರು.

ಇಷ್ಟು ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾದದ್ದೂ ಇದೆ. ಆರಂಭದಲ್ಲಿ 180 ಕೋಟಿ ಕ್ರೋನರ್ ಎಂದಿದ್ದ ಕೂಟದ ಖರ್ಚು 700 ಕೋಟಿ ದಾಟಿತು, ತುಂಬಿಕೊಟ್ಟದ್ದು ಸರ್ಕಾರ. ಅಂಥ ಬೊಕ್ಕಸ ನಮ್ಮ ಯಾವ ಜಿಲ್ಲೆಗೂ ಇಲ್ಲ. ಲಿಲ್ಲೆಹಾಮರ್‌ನಲ್ಲಿ ಜನ ಬಂದೇ ಬರುತ್ತಾರೆಂದು ಕಟ್ಟಿದ ಹೋಟೆಲುಗಳಲ್ಲಿ ಹಲವು ಆಮೇಲೆ ದಿವಾಳಿಯಾದವು. ನಾರ್ವೆಯವರು ಗುಡ್ಡ ಒಡೆಯುವುದೇ ಇಲ್ಲವೆಂದೂ ಅಲ್ಲ. ಯುರೋಪಿನ ಬಹುದೊಡ್ಡ ಜಲ್ಲಿ ಕ್ವಾರಿಗಳಲ್ಲೊಂದು ಇಲ್ಲಿನ ಯೆಲ್ಸಾದಲ್ಲಿದೆ, ಅಲ್ಲಿಂದ ಹಡಗಿನಲ್ಲಿ ಹೊರದೇಶಕ್ಕೆ ಜಲ್ಲಿ ಹೋಗುತ್ತದೆ. ನಮ್ಮಲ್ಲಿ ಆರು ಕೋಟಿಗೂ ಹೆಚ್ಚು ಜನರಿಗೆ ಮನೆ, ರಸ್ತೆ ಆಗಬೇಕು. ಜಲ್ಲಿ ಬೇಡ ಎನ್ನಲು ನನಗೆ ಅಧಿಕಾರವಿಲ್ಲ. ಭೂಮಿಯೊಳಗೆ ನಾವು ಏನೂ ಕಟ್ಟಿಲ್ಲ ಎಂದರೆ ಅದೂ ಸುಳ್ಳು: ಕಾಳಿಯ ನಾಗಝರಿ, ವಾರಾಹಿ ಎರಡೂ ವಿದ್ಯುದಾಗಾರಗಳು ಬಂಡೆಯೊಳಗೇ ಇವೆ. ಬೆಂಗಳೂರು ಮೆಟ್ರೊ ಸುರಂಗದಲ್ಲಿ ಯಂತ್ರಗಳು ತಿಂಗಳುಗಟ್ಟಲೆ ತಡವಾದದ್ದಕ್ಕೆ ಕಾರಣ ಬಂಡೆ ಕೆಟ್ಟದ್ದೆಂದಲ್ಲ. ಅರ್ಧ ಮಣ್ಣು, ಅರ್ಧ ಗಟ್ಟಿ ಕಲ್ಲು ಒಂದೇ ಮುಖದಲ್ಲಿ ಸಿಕ್ಕರೆ ಕೊರೆಯುವ ಹಲ್ಲುಗಳು ಸವೆದು ಮುರಿಯುತ್ತವೆ. ಗುಡ್ಡದ ನಡುವೆ ಆ ತೊಂದರೆ ಕಡಿಮೆ.

ಬಂಡೆಯೊಳಗಿನ ತಾಪಮಾನ ಆಯಾ ಊರಿನ ವರ್ಷದ ಸರಾಸರಿಯ ಹತ್ತಿರ ಇರುತ್ತದೆ. ಬೆಂಗಳೂರಿನಲ್ಲಿ ಅದು 24 ಡಿಗ್ರಿಯ ಆಸುಪಾಸು. ಐಸ್ ಹಾಕಿಗೆ ಉಪಯೋಗವಿಲ್ಲ, ಆದರೆ ಬ್ಯಾಡ್ಮಿಂಟನ್‌ಗೆ, ಕಬಡ್ಡಿಗೆ, ಗ್ರಂಥಾಲಯಕ್ಕೆ, ದಾಖಲೆ ಕಾಪಾಡುವ ಕೋಣೆಗೆ ಹೇಳಿ ಮಾಡಿಸಿದ್ದು. ಗಾಳಿ ಆಡಲು ಫ್ಯಾನು, ಮಳೆಗಾಲದ ತೇವ ಹೀರಲು ಯಂತ್ರ ಬೇಕು, ಅದರ ಕರೆಂಟು ಖರ್ಚು ಮೊದಲೇ ಲೆಕ್ಕ ಹಾಕಬೇಕು. ಯೋವಿಕ್‌ನ ಅಳತೆ ನಮಗೆ ಬೇಡ, ಇಪ್ಪತ್ತು ಮೀಟರ್ ಅಗಲ ಸಾಕು. ಕ್ವಾರಿ ಪರವಾನಗಿ ಕೊಡುವ ಮೊದಲು ಗುಡ್ಡಕ್ಕೆ ಮೂರು ಕಡೆ ಕೋರ್ ಕೊರೆದು ಬಿರುಕು, ಜೇಡಿ, ನೀರು ಬರೆದಿಡಲಿ. ‘ಕ್ಯೂ’ ಅಂಕ ಹತ್ತರ ಹತ್ತಿರ ಬಂದ ಗುಡ್ಡವನ್ನು ಮೇಲಿನಿಂದ ಕರಗಿಸದೆ ಬುಡದಿಂದ ಸುರಂಗ ಹೊಡೆಯಲು ಹೇಳಲಿ. ಖರ್ಚು ಹೆಚ್ಚು, ಜಲ್ಲಿ ಕಡಿಮೆ, ನಿಜ. ಆದರೂ ಹೊರಗೆ ಬಂದ ಕಲ್ಲು ಹೇಗೂ ಕ್ರಷರ್‌ಗೇ ಹೋಗುತ್ತದೆ, ಕ್ವಾರಿಯವರಿಗೆ ಲೋಡಿನ ಹಣ ಸಿಗುತ್ತದೆ, ಒಳಗೆ ಉಳಿದ ಜಾಗ ಪಂಚಾಯಿತಿಯ ಹೆಸರಿಗೆ ಬರುತ್ತದೆ.